ಆರು ಬ್ಯಾರನ್ ಸೊಪ್ಪು

ಮಾಯಮ್ಮ ತೀರಿಕೊಂಡ ಸುದ್ದಿ ಸಾಲಿಗ್ರಾಮದಿಂದ ಬಂದಾಗ ಅವಳ ತಂಗಿ ಚೆಲುವಮ್ಮ ಬೆಟ್ಟದಪುರದ ಬಳಿಯ ತನ್ನ ಹೊಲದಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಿದ್ದಳು. ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಸೊಸೆ ಪವಿತ್ರ ಫೋನು ಹಿಡಿದು ಬದುವಿನ ಮೇಲೆ ಬಂದು ನಿಂತಳು. ನಿಂತ ಬಗೆಯಿಂದಲೇ ಚೆಲುವಮ್ಮನಿಗೆ ತಿಳಿಯಿತು. ಆದರೂ ಕೊನೆಯ ಮಡಿಯವರೆಗೂ ನೀರು ಹಾಕಿದಳು, ಅಷ್ಟು ಹೊತ್ತಾದರೂ ಅಕ್ಕ ಬದುಕಿರಲಿ ಎಂಬಂತೆ.

ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿತ್ತು. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ರಕ್ತ ಕಂಡರೂ ಮಾಯಮ್ಮ ಯಾರಿಗೂ ಹೇಳಿರಲಿಲ್ಲ.

ತಿಥಿ ಮುಗಿದ ಮೇಲೆ ಪವಿತ್ರ ಬಿಡದೆ ಅತ್ತೆಯನ್ನು ಮೈಸೂರಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದಳು. ಅವಳ ಗರ್ಭಕೋಶದ ಬಾಯಲ್ಲೂ ಏನೋ ಇತ್ತು. ಆಷಾಢದಲ್ಲಿ ಡಾಕ್ಟರಮ್ಮ ಒಂದು ತುಂಡು ತೆಗೆದು ನೋಡಿದರು.

"ಇದು ಕ್ಯಾನ್ಸರ್ ಅಲ್ಲಮ್ಮ, ಅದಕ್ಕೆ ಮುಂಚಿನದು. ಆದರೆ ತುಂಡಿನ ಅಂಚಿನಲ್ಲೂ ಇದೆ, ಒಳಗೆ ಉಳಿದಿರಬಹುದು. ಗರ್ಭಕೋಶ ತೆಗೆಯೋದು ಒಳ್ಳೇದು. ಈಗ ಗಾಯ ಹಸಿ. ಆರು ವಾರ ಮಾಯಲಿ. ನೀವು ಮೂರು ಹೆತ್ತವರು, ಹೊಟ್ಟೆ ಕುಯ್ಯದೆ ಕೆಳಗಿನಿಂದಲೇ ತೆಗೀತೀನಿ. ಬೇಗ ಏಳ್ತೀರಿ."

ಚೆಲುವಮ್ಮ ತಲೆಯಾಡಿಸಿದಳು. ವಾರವನ್ನು ಅವಳು ಎಣಿಸುತ್ತಿದ್ದದ್ದು ಬ್ಯಾರನ್ನಿನಿಂದ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಮನೆಯೊಳಗೆ ತೂಗುಹಾಕಿ, ಬೆಂಕಿ ಕೊಟ್ಟು ಬೇಯಿಸಿ ಇಳಿಸಿದರೆ ಒಂದು ಬ್ಯಾರನ್, ಅಂದರೆ ಒಂದು ವಾರ. ಆರು ಬ್ಯಾರನ್ ಇಳಿದರೆ ಆರು ವಾರ. ಆದರೆ ಈ ಸಲ ಮಳೆ ಹಿಡಿದುಕೊಂಡಿತು, ಸೊಪ್ಪು ಬಲಿಯಲಿಲ್ಲ. ನಾಲ್ಕನೆಯದಕ್ಕೆ ಬೆಂಕಿ ಹಾಕುವಷ್ಟರಲ್ಲಿ ಪವಿತ್ರ ಕ್ಯಾಲೆಂಡರ್ ಹಿಡಿದು ಬಂದಳು.

"ಅತ್ತೆ, ಬುಧವಾರಕ್ಕೆ ಆರು ವಾರ."

"ಇನ್ನೂ ಎರಡು ಬ್ಯಾರನ್ ಐತೆ ಬುಡವ್ವ."

"ನಿಮ್ ಬ್ಯಾರನ್ನ ಡಾಕ್ಟ್ರು ಕಂಡವ್ರಾ? ಅವ್ರು ಹೇಳಿದ್ದು ವಾರ ಕಣತ್ತೆ."

ಅಂದು ಮಧ್ಯಾಹ್ನ ಬ್ಯಾರನ್ ಗೋಡೆಗೆ ಒರಗಿದ ಚೆಲುವಮ್ಮನಿಗೆ ಜೊಂಪು ಹತ್ತಿತು. ಬೆನ್ನಿಗೆ ಗೋಡೆಯ ಬಿಸಿ, ಮೂಗಿಗೆ ಹಳದಿಗಟ್ಟುವ ಸೊಪ್ಪಿನ ಸಿಹಿ ವಾಸನೆ. ಬೆಟ್ಟ ಮಂಜಿನಲ್ಲಿ ಕರಗಿ ಮತ್ತೆ ಮೂಡುತ್ತಿತ್ತು. ಎದುರಿಗೆ ಮಾಯಮ್ಮ ಕುಳಿತು ಸೊಪ್ಪು ಕಟ್ಟುತ್ತಿದ್ದಳು. ಅವಳ ಕೈ ಸೋಕಿದ ಎಲೆಯೆಲ್ಲ ದೀಪದ ಬಣ್ಣಕ್ಕೆ ತಿರುಗುತ್ತಿತ್ತು.

"ಎಷ್ಟನೇ ಬ್ಯಾರನ್ನೇ ಚೆಲ್ವಿ?"

"ನಾಲ್ಕು ಕಣಕ್ಕ. ಇನ್ನೆರಡು."

"ನಂಗೂ ಇನ್ನೆರಡೇ ಇತ್ತು," ಎಂದು ಮಾಯಮ್ಮ ನಕ್ಕಳು. "ಸೊಪ್ಪು ಮುಗೀಲಿ ಅಂದೆ. ಆಮೇಲೆ ರಾಗಿ ಕುಯ್ಲು ಅಂದೆ. ಆಮೇಲೆ ಏನಂದೆನೋ ನೆಪ್ಪಿಲ್ಲ ಕಣೆ."

ಕಡ್ಡಿ ತುಂಬಿತು. ಅದನ್ನು ಎತ್ತಿಕೊಂಡು ಅವಳು ಮಂಜಿನೊಳಗೆ ನಡೆದಳು. ಚೆಲುವಮ್ಮ ಕೂಗಿದಳು, ದನಿ ಬರಲಿಲ್ಲ. ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು.

ಅವಳು ನೇರ ಅಡುಗೆಮನೆಗೆ ಹೋದಳು. "ಬುಧವಾರ ಅಂದ್ಯಲ್ಲ, ಬಸ್ಸು ಎಷ್ಟೊತ್ಗೆ?"

ಪವಿತ್ರ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಬ್ಯಾರನ್ ಯಾರು ನೋಡ್ಕತ್ತಾರೆ?"

"ನಿಮ್ಮಾವ ಅವ್ನಲ್ಲ. ಮೂವತ್ತು ವರ್ಸ ನಾನು ಬೆಂಕಿ ಕಾದಿವ್ನಿ. ಒಂದೀಟು ದಿನ ಅವ್ನೂ ಕಾಯ್ಲಿ."

ಮೈಸೂರಿನ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗಿನ ಮೈ ಎಲ್ಲೋ ತೇಲಿಹೋಯಿತು. ಮೇಲಿನ ದೀಪ ಬೆಟ್ಟದ ಮೇಲಿನ ಮಂಜಿನಂತೆ ಬೆಳ್ಳಗೆ ಹರಡಿತು. ನೋವಾಗುತ್ತಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ಚೆಲುವಮ್ಮ ಇಲ್ಲವೆಂದು ತಲೆಯಾಡಿಸಿ ಕಣ್ಣು ಮುಚ್ಚಿದಳು. ತನಗಾಗಿ ಬೇಡಿಕೊಳ್ಳುವುದು ಏನೂ ಉಳಿದಿರಲಿಲ್ಲ. ತಾನು ಹೊತ್ತು ಮೀರುವ ಮುಂಚೆ ಬಂದಾಗಿತ್ತು.

ಬೆಟ್ಟದ ಮೇಲಿರುವ ಮಲ್ಲಿಕಾರ್ಜುನ, ನಮ್ಮಕ್ಕ ದಣಿದು ಬಂದವಳೆ. ಅವಳ ಕೈಲಿರೋ ಕಡ್ಡಿ ಇಳಿಸ್ಕೊ. ನಿನ್ನ ನೆರಳಲ್ಲಿ ಒಂದು ಕಡೆ ಕೂರಿಸು. ಅವಳ ಜೀವ ತಣ್ಣಗಿರಲಿ, ತಂದೆ.