ಕೈಯಲ್ಲಿ ಬಿಗಿದ ನಟ್ಟು

ಹಗ್ಗ ಸಡಿಲಿಸಿ ನೀಲಿ ಸುಬಾರು ಕಾರನ್ನು ಲಾರಿಯಿಂದ ಕೆಳಗಿಳಿಸುವಾಗ ಕ್ಯಾಲೊ ಬೇರೊಂದು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದ. ಅಲ್ಲಿಂದ ಅವನಿಗೆ ಕಂಡದ್ದು ಚಕ್ರಗಳು ಮಾತ್ರ. ಅಷ್ಟೇ ಸಾಕಾಯಿತು. ಮುಂದಿನ ಎಡ ಚಕ್ರದ ಮೇಲ್ತುದಿ ಹೊರಕ್ಕೆ ವಾಲಿಕೊಂಡಿತ್ತು. ಆ ಚಕ್ರವನ್ನು ಕೂದಲೆಳೆಯಷ್ಟು ಒಳಕ್ಕೆ ವಾಲಿಸಿ ಕೂರಿಸಿದವನು ತಾನೇ. ಗಾಡಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಲಾರಿಯವನು ಒಂದು ಚೀಟಿ ಕೊಟ್ಟು ಹೋದ. ಗಕೂರು ಮೇಷ್ಟ್ರ ದುಂಡನೆಯ ಅಕ್ಷರ. ಪೊಲೀಸರು ಗಾಡಿ ಬಿಟ್ಟುಕೊಟ್ಟಿದ್ದಾರೆ, ಸಂಜೆ ನಾಲ್ಕಕ್ಕೆ ಬರುತ್ತೇನೆ, ಅಷ್ಟರಲ್ಲಿ ಇದರಲ್ಲಿ ಏನು ಕೆಟ್ಟಿತ್ತೆಂದು ನೋಡಿಟ್ಟಿರು ಎಂದು ಬರೆದಿದ್ದರು. ಅವರ ಮಗ ಗಿಚೋಹಿ ಸತ್ತು ಅಂದಿಗೆ ಹದಿನೇಳು ದಿನ.

ಗಿಚೋಹಿ ಹಗಲೆಲ್ಲ ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂರುವವ. ಸಂಜೆಯಾದರೆ ಕರಿಯೊಬಂಗಿ ಬಡಾವಣೆಯ ಈ ರಿಪೇರಿ ಯಾರ್ಡಿಗೆ ಬಂದು, ಟೈ ಜೇಬಿಗೆ ತುರುಕಿ, ಕ್ಯಾಲೊನ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ವರ್ಷಕ್ಕೊಮ್ಮೆ ಚಹಾ ತೋಟಗಳ ನಡುವಿನ ಗುಡ್ಡದ ರಸ್ತೆಯನ್ನು ಒಂದು ದಿನ ಮುಚ್ಚಿ ಕಾರುಗಳ ಸ್ಪರ್ಧೆ ನಡೆಸುತ್ತಾರೆ. ಒಬ್ಬೊಬ್ಬರೇ ಹತ್ತಬೇಕು, ಎದುರಾಳಿ ಅಂದರೆ ಗಡಿಯಾರ. ಹೋದ ವರ್ಷ ಅವನಿಗೆ ಮೂರನೇ ಜಾಗ ಸಿಕ್ಕಿತ್ತು. ಎಂಜಿನ್ನಿನಲ್ಲಿ ಜೀವ ಬೇಕಾದಷ್ಟಿದೆ, ತಿರುವಿನಲ್ಲೇ ಸೋಲುತ್ತಿದ್ದೇನೆ ಎಂದು ಅವನಿಗೆ ಖಾತ್ರಿಯಾಗಿತ್ತು. ಗಾಡಿ ಮೈ ವಾಲಿಸಬಾರದು ಅಣ್ಣಾ, ರಸ್ತೆಗೆ ಅಂಟಿಕೊಂಡೇ ತಿರುಗಬೇಕು ಅಂತ ಆರು ತಿಂಗಳು ಕ್ಯಾಲೊನ ತಲೆ ತಿಂದಿದ್ದ. ಕೊನೆಗೆ ಹಳೆಯ ಮೆತ್ತನೆಯ ಶಾಕ್ ಅಬ್ಸಾರ್ಬರುಗಳನ್ನು ಕಿತ್ತು, ಗಟ್ಟಿ ಸ್ಪ್ರಿಂಗಿನ ಹೊಸವನ್ನು ಹಾಕಿ, ಚಕ್ರದ ವಾಲಿಕೆಯನ್ನು ಬೇಕಾದಷ್ಟಕ್ಕೆ ನಿಲ್ಲಿಸುವ ಹೊಸ ಬೋಲ್ಟುಗಳನ್ನು ಕೂರಿಸಲು ಕ್ಯಾಲೊಗೆ ನಾಲ್ಕು ದಿನ ಹಿಡಿಯಿತು. ಅಂಥ ಕೆಲಸ ಅವನು ಜೀವಮಾನದಲ್ಲೇ ಮಾಡಿರಲಿಲ್ಲ, ಅಷ್ಟು ಚೆನ್ನಾಗಿತ್ತು.

ಒಂದೇ ಒಂದು ಕೆಲಸ ಬಾಕಿಯಿತ್ತು. ಯಾರ್ಡಿನಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುವುದಿಲ್ಲ. ಬಿಚ್ಚಿ ಕೂರಿಸುವವನು ಕ್ಯಾಲೊ. ನಾಲ್ಕು ಚಕ್ರಗಳನ್ನು ಒಂದು ಹದಕ್ಕೆ ತರುವ ಅಲೈನ್‌ಮೆಂಟ್ ಯಂತ್ರ ಇರುವುದು ಪಕ್ಕದ ರಸ್ತೆಯ ಒನ್ಯೇಗೊ ಹತ್ತಿರ. ಹೇಗಿದ್ದರೂ ಒನ್ಯೇಗೊ ಆ ಬೋಲ್ಟನ್ನು ಮತ್ತೆ ಸಡಿಲಿಸಿಯೇ ಚಕ್ರ ಹೊಂದಿಸಬೇಕು. ಹಾಗಾಗಿ ಕ್ಯಾಲೊ ನಟ್ಟನ್ನು ಬೆರಳಿನಲ್ಲಿ ತಿರುಗಿಸಿ ಬಿಡುತ್ತಾನೆ. ಒನ್ಯೇಗೊ ಹದ ನೋಡಿ, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಜಗ್ಗಿ ಬಿಗಿದು, ನಟ್ಟಿನ ತಲೆಯ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ ಇಡುತ್ತಾನೆ. ಹಳದಿ ಇದ್ದರೆ ಗಾಡಿ ರಸ್ತೆಗೆ, ಇಲ್ಲದಿದ್ದರೆ ಇಲ್ಲ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು, ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಕ್ಯಾಲೊನ ಕೆಲಸ ಮುಗಿದ ಶುಕ್ರವಾರ ಸಂಜೆ ಕರೆಂಟು ಹೋಯಿತು. ಶನಿವಾರವೂ ಬರಲಿಲ್ಲ, ಒನ್ಯೇಗೊನ ಯಂತ್ರ ಕಣ್ಣು ಬಿಡಲಿಲ್ಲ. ಕ್ಯಾಲೊ ತಂಗಿಯ ಮಗಳ ವಧುದಕ್ಷಿಣೆಯ ಮಾತುಕತೆಗೆಂದು ಊರಿಗೆ ಹೋಗಿದ್ದ. ಹಿರಿಯರು ಮೇಕೆಗಳ ಲೆಕ್ಕಕ್ಕೆ ಕೂತು ಜಗಳಕ್ಕೆ ಬಂದಿದ್ದ ಹೊತ್ತಿನಲ್ಲೇ ಗಿಚೋಹಿಯ ಫೋನು ಬಂತು. ಅಮ್ಮನಿಗೆ ಜ್ವರ, ಊರಿಗೆ ಹೋಗಬೇಕು, ಗಾಡಿ ಒಯ್ಯಲಾ ಎಂದು ಕೇಳಿದ. ಕ್ಯಾಲೊನ ಬಾಯಿ ತುಂಬ ಮಾಂಸವಿತ್ತು. ಕೀಲಿ ವಾಚ್‌ಮನ್ ಹತ್ತಿರ ಇದೆ, ನಿಧಾನಕ್ಕೆ ಹೋಗು, ಏನೂ ಆಗಲ್ಲ ಅಂದುಬಿಟ್ಟ. ಬೋಲ್ಟು ನೆನಪಾದದ್ದು ಫೋನು ಇಟ್ಟ ಮೇಲೆ, ಕೈ ತೊಳೆಯುವಾಗ. ಮತ್ತೆ ಫೋನು ಮಾಡೋಣ ಎಂದು ತೆಗೆದ. ಅಷ್ಟರಲ್ಲಿ ಯಾರೋ ಕರೆದರು. ಮೆಲ್ಲಗೆ ಹೋಗುವ ಹುಡುಗ, ದಾರಿ ನಲವತ್ತು ಮೈಲಿಯೂ ಇಲ್ಲ ಎಂದುಕೊಂಡು ಜೇಬಿಗೆ ಹಾಕಿದ.

ಲಿಮೂರು ಕಡೆಯ ಒಂದು ಬಲ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು, ಚಹಾ ಗಿಡಗಳ ಮೇಲೆ ಒಂದು ಸುತ್ತು ತಿರುಗಿ, ಬಲ ಮಗ್ಗುಲಿಂದ ನೀಲಗಿರಿ ಮರಕ್ಕೆ ಬಡಿದಿತ್ತು. ಅತಿವೇಗ ಎಂದು ಪೊಲೀಸರು ಬರೆದುಕೊಂಡರು. ಮಣ್ಣು ಕೊಡುವ ದಿನ ಪಾದ್ರಿಯೂ ಅದನ್ನೇ ಹಿಡಿದುಕೊಂಡರು. ಬಂದ ಯುವಕರನ್ನೆಲ್ಲ ಶವಪೆಟ್ಟಿಗೆಯ ಸುತ್ತ ನಿಲ್ಲಿಸಿ, ವೇಗದ ಸೊಕ್ಕು ಎಲ್ಲಿಗೆ ಒಯ್ಯುತ್ತದೆ ನೋಡಿ ಎಂದು ಅರ್ಧ ಗಂಟೆ ಬೈದರು. ಆಮೇಲೆ ಗೆಳೆಯರ ಪರವಾಗಿ ಎರಡು ಮಾತು ಹೇಳಿ ಎಂದು ಮೈಕನ್ನು ಕ್ಯಾಲೊನ ಕೈಗೆ ಕೊಟ್ಟರು. ಕ್ಯಾಲೊ ಹೇಳಿದ: "ಅವನಿಗೆ ವೇಗ ಅಂದ್ರೆ ಪ್ರಾಣ."

ಆ ಮಾತು ತನ್ನ ಬಾಯಿಂದ ಹೇಗೆ ಬಂತು ಎಂದು ಅವನು ಅಂದಿನಿಂದ ನೂರು ಸಲ ಕೇಳಿಕೊಂಡಿದ್ದ. ಸುಳ್ಳೇನೂ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಥೂ, ಎಂಥ ಸಮಾಧಾನ.

ಈಗ ಗಾಡಿ ಮುಂದೆ ನಿಂತಿತ್ತು. ಬಲಗಡೆ ನಜ್ಜುಗುಜ್ಜು. ಎಡಗಡೆ ಒಂದು ಗೀರೂ ಇಲ್ಲ, ಆದರೂ ಚಕ್ರ ಹೊರಕ್ಕೆ ವಾಲಿದೆ. ಮರ ಆ ಕೆಲಸ ಮಾಡಿಲ್ಲ. ಕ್ಯಾಲೊ ಟಾರ್ಚು ಬಿಟ್ಟು ಒಳಗೆ ನೋಡಿದ. ಬೋಲ್ಟು ತನ್ನ ಜಾಗದಿಂದ ಜಾರಿ, ಕಬ್ಬಿಣದ ಮೇಲೆ ಬೆಳ್ಳಗೆ ಹೊಳೆಯುವ ಗೆರೆ ಎಳೆದಿತ್ತು. ನಟ್ಟಿನ ತಲೆಯ ಮೇಲೆ ಹಳದಿ ಇರಲಿಲ್ಲ.

ಸುದ್ದಿ ಕೇಳಿ ಒನ್ಯೇಗೊ ಬಂದ. ಅವನೂ ಬಗ್ಗಿ ನೋಡಿದ, ಎದ್ದು ನಿಂತ. ಜೇಬಿನಿಂದ ಹಳದಿ ಬಣ್ಣವಿದ್ದ, ಉಗುರುಬಣ್ಣದ್ದರಷ್ಟೇ ಚಿಕ್ಕ ಶೀಶೆ ತೆಗೆದು ಬಾನೆಟ್ಟಿನ ಮೇಲಿಟ್ಟ.

"ನೋಡು ಮಾರಾಯ, ಸರಿಯಾಗಿ ಬಿಗಿದು ಒಂದು ಚುಕ್ಕೆ ಇಟ್ಟುಬಿಡು. ಯಾರಾದ್ರೂ ಕೇಳಿದ್ರೆ ನಾನೇ ಮಾಡ್ದೆ ಅಂತೀನಿ. ಪೊಲೀಸ್ನೋರೇ ವೇಗ ಅಂತ ಬರ್ಕೊಂಡಿದಾರೆ, ನಿಂಗ್ಯಾಕೆ? ಹೋದವನು ವಾಪಸ್ ಬರ್ತಾನಾ? ನಿನ್ನ ಮೂರು ಮಕ್ಕಳ ಮುಖ ನೋಡು."

ಅವನು ಕೆಟ್ಟವನಲ್ಲ. ತನ್ನ ಹೆಸರನ್ನೂ ಸುಳ್ಳಿಗೆ ಒತ್ತೆಯಿಟ್ಟು ಗೆಳೆಯನನ್ನು ಉಳಿಸಲು ನೋಡಿದ, ಅಷ್ಟೆ. ಅವನು ಹೋದ ಮೇಲೆ ಕ್ಯಾಲೊ ಎರಡು ಗಂಟೆ ಬೇರೆ ಗಾಡಿಗಳ ಕೆಲಸ ಮಾಡುತ್ತ ಸುಬಾರುವಿನ ಕಡೆ ಬೆನ್ನು ಹಾಕಿಯೇ ಇದ್ದ. ಮೂರೂವರೆಗೆ ಸ್ಪ್ಯಾನರು ತಗೊಂಡು ಹೋಗಿ ನಟ್ಟು ಜಗ್ಗಿ ಬಿಗಿದ, ಹೊಳೆಯುವ ಗೆರೆಗೆ ಗ್ರೀಸು ಮೆತ್ತಿದ, ಚುಕ್ಕೆ ಇಟ್ಟ. ಎರಡು ನಿಮಿಷ ಹಿಡಿಯಿತು.

ಮೇಷ್ಟ್ರು ನಾಲ್ಕಕ್ಕೆ ಸರಿಯಾಗಿ ಬಂದರು. ಕಪ್ಪು ಕೋಟು, ಹ್ಯಾಟು, ಬಿಸಿಲಿದ್ದರೂ ಕೈಯಲ್ಲಿ ಕೊಡೆ. ಗಾಡಿಯ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಬಾಗಿಲು ತೆಗೆದು ತಮ್ಮ ಎಂದಿನ ಜಾಗದಲ್ಲಿ ಕಾಲು ಹೊರಗೆ ಚಾಚಿ ಕೂತರು. ಬಲಗಡೆಯ ಸೀಟಿನತ್ತ ತಿರುಗಲಿಲ್ಲ. ಕ್ಯಾಲೊ ಚಹಾ ತರಿಸುತ್ತೇನೆ ಅಂದದ್ದಕ್ಕೆ ಬೇಡವೆಂದು ಕೈಯಾಡಿಸಿದರು.

"ಅವತ್ತು ನೀನು ಮೈಕಲ್ಲಿ ಹೇಳಿದ್ದು ಕೇಳಿಸ್ಕೊಂಡೆ ಕಣಪ್ಪಾ," ಅಂದರು. "ನಾನು ಈ ಸೀಟಲ್ಲಿ ಎಷ್ಟು ಸಲ ಕೂತಿದೀನೋ ಲೆಕ್ಕ ಇಲ್ಲ. ಕತ್ತೆಗಾಡಿ ಕೂಡ ನಮ್ಮನ್ನ ದಾಟಿಕೊಂಡು ಹೋಗೋದು. ನಾನೇ ಬೈತಿದ್ದೆ, ಸ್ವಲ್ಪ ಒತ್ತೋ ಅಂತ. ಓಡ್ಸೋದು ಗುಡ್ಡದ ಮೇಲೆ, ರಸ್ತೆ ಮುಚ್ಚಿದ ದಿನ, ಮಿಕ್ಕಿದ್ದೆಲ್ಲ ಬೇರೆಯವರ ರಸ್ತೆ ಅಪ್ಪಾ ಅಂತಿದ್ದ. ಅವರಮ್ಮನ ಕೈ ಮುಟ್ಟಿ ಆಣೆ ಮಾಡಿದ್ದ."

ಕ್ಯಾಲೊ ಹೆಬ್ಬೆರಳಿಗೆ ಮೆತ್ತಿದ್ದ ಹಳದಿ ಬಣ್ಣವನ್ನು ಪ್ಯಾಂಟಿಗೆ ಉಜ್ಜಿದ, ಅದು ಪೂರ್ತಿ ಹೋಗಲಿಲ್ಲ.

ಮೇಷ್ಟ್ರು ಹೆಂಡತಿಯ ವಿಷಯ ಹೇಳಿದರು. ಮಗನನ್ನು ಮನೆಯಂಗಳದಲ್ಲೇ, ಬಾಳೆಗಿಡಗಳ ಪಕ್ಕ ಮಣ್ಣು ಮಾಡಿದ್ದಾರೆ. ಅವಳು ಆ ಕಡೆ ಕಾಲಿಟ್ಟಿಲ್ಲ. ನೀರು ತರಲು ಮನೆಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾಳೆ. ಪಾದ್ರಿ ಬೈದದ್ದಕ್ಕೆ ಅವಳು ಅತ್ತಿರಲಿಲ್ಲ. ನನ್ನ ಕೈ ಮುಟ್ಟಿ ಸುಳ್ಳು ಹೇಳಿದ, ಸುಳ್ಳುಗಾರನ ಗೋರಿಗೆ ನಾನು ಹೂವು ಇಡಲ್ಲ ಎಂದು ಒಂದೇ ಹಟ. ಹೆತ್ತವಳು ಹೀಗೆ ಮಗನನ್ನು ಎರಡನೇ ಸಲ ಕಳಕೊಂಡಳು ಎನ್ನುವಾಗ ಮೇಷ್ಟ್ರು ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡರು.

"ನಂಗೆ ಕಾರಿನ ವಿಷಯ ಒಂದಕ್ಷರ ಗೊತ್ತಿಲ್ಲ. ನೀನು ನೋಡಿದೀಯಲ್ಲ, ಹೇಳು. ಏನಾದ್ರೂ ಕೆಟ್ಟಿತ್ತಾ?"

ಕ್ಯಾಲೊ ಟಾರ್ಚು ಬಿಟ್ಟು ಚುಕ್ಕೆ ತೋರಿಸಿದ. ಹಳದಿ ಇದ್ದರೆ ಬಿಗಿಯಾಗಿದೆ ಅಂತ ಅರ್ಥ, ಇದು ಯಾರ್ಡಿನ ನಿಯಮ, ಎಲ್ಲ ಸರಿಯಾಗಿಯೇ ಇತ್ತು ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಮೇಷ್ಟ್ರು ಸೀಟಿನಿಂದ ಎದ್ದು, ಮಂಡಿಯ ನೋವಿಗೆ ಮುಖ ಹಿಂಡುತ್ತ ಬಗ್ಗಿ ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡಿದರು. ಆಮೇಲೆ ಮತ್ತೆ ಹೋಗಿ ಕೂತರು.

"ಹಾಗಾದ್ರೆ ಅವನು ಓಡ್ಸಿದ್ದೇ ಹೌದು," ಅಂದರು.

ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕ್ಯಾಲೊಗೆ ತಾನು ಅವರ ಮಗನ ಬಾಯಿಗೆ ಎರಡನೇ ಸಲ ಮಣ್ಣು ಹಾಕಿದೆ ಅನಿಸಿತು. ಇನ್ನು ಈ ಮುದುಕ ಬಸ್ಸು ಹತ್ತಿ ಹೋಗಿ, ನೀನು ಹೇಳಿದ್ದೇ ಸರಿ ಕಣೇ ಎಂದು ಹೆಂಡತಿಗೆ ಹೇಳುತ್ತಾನೆ. ಅವಳು ಸಾಯುವ ತನಕ ಹಿಂದಿನ ದಾರಿಯಲ್ಲೇ ನೀರು ಹೊರುತ್ತಾಳೆ.

ಅವನು ಷೆಡ್ಡಿನೊಳಗೆ ಹೋದ. ಗಿಚೋಹಿಯ ಗಾಡಿಯಿಂದ ಬಿಚ್ಚಿದ ಹಳೆಯ ಸಾಮಾನಿನ ರಾಶಿಯಲ್ಲಿ ಒಂದು ಕಬ್ಬಿಣದ ಪಟ್ಟಿ, ಒಂದು ಬೋಲ್ಟು, ಒಂದು ನಟ್ಟು ಹುಡುಕಿ ತಂದ. ಪಟ್ಟಿಯ ತೂತಿಗೆ ಬೋಲ್ಟು ತೂರಿಸಿ, ಮೇಷ್ಟ್ರ ಕಣ್ಣೆದುರಿಗೇ ನಟ್ಟನ್ನು ಬೆರಳಿನಲ್ಲಿ ತಿರುಗಿಸಿ ಕೊನೆಯವರೆಗೂ ಕೂರಿಸಿದ. ಅವರ ಕೈಗೆ ಕೊಟ್ಟ.

"ಬಿಚ್ಚಿ, ಮೇಷ್ಟ್ರೇ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಸಂಧಿವಾತದ ಬೆರಳುಗಳಿಂದ ನಟ್ಟನ್ನು ಹಿಡಿದು ತಿರುಗಿಸಿದರು. ಅದು ತಕರಾರಿಲ್ಲದೆ ತಿರುಗಿ ಅಂಗೈಗೆ ಬಿತ್ತು.

"ಅದು ಇಷ್ಟೇ ಬಿಗಿಯಾಗಿತ್ತು," ಕ್ಯಾಲೊ ಅಂದ. "ಆ ಚುಕ್ಕೆ ನಾನು ಈಗ ಇಟ್ಟಿದ್ದು. ಒಂದು ಗಂಟೆ ಆಗಿಲ್ಲ. ಅವನು ಮೆಲ್ಲಗೇ ಹೋಗಿದಾನೆ ಮೇಷ್ಟ್ರೇ. ನಾನೇ ಹೋಗು ಅಂದಿದ್ದು."

ಮೇಷ್ಟ್ರು ಅಂಗೈಯಲ್ಲಿದ್ದ ನಟ್ಟನ್ನೇ ನೋಡುತ್ತಿದ್ದರು. ಕ್ಯಾಲೊನ ಹೆಬ್ಬೆರಳಿನ ಹಳದಿ ಅದಕ್ಕೂ ಸ್ವಲ್ಪ ಅಂಟಿತ್ತು, ಅಲ್ಲಿಂದ ಅವರ ಬೆರಳಿಗೂ.

"ಬಿಗಿಯೋಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ."

ಹೊಡೆದಿದ್ದರೆ ಕ್ಯಾಲೊ ಹೊಡೆಸಿಕೊಳ್ಳುತ್ತಿದ್ದ. ಹೊಡೆಯಲಿ ಎಂದೇ ಹತ್ತಿರ ನಿಂತಿದ್ದ. ಮೇಷ್ಟ್ರು ಕೊಡೆ ಊರಿ ನಿಧಾನಕ್ಕೆ ಎದ್ದರು. ನಟ್ಟನ್ನು ಬೋಲ್ಟಿಗೆ ಮತ್ತೆ ತಿರುಗಿಸಿ ಹಾಕಿದರು. ಗಾಡಿ ಇಲ್ಲೇ ಇರಲಿ, ಯಾರೂ ಮುಟ್ಟಕೂಡದು, ಪೊಲೀಸರನ್ನು ನಾಳೆ ನಾನೇ ಕರೆದುಕೊಂಡು ಬರುತ್ತೇನೆ, ನೀನು ಇಲ್ಲೇ ಇರಬೇಕು ಅಂದರು. ಇರ್ತೀನಿ ಎಂದು ಕ್ಯಾಲೊ ತಲೆಯಾಡಿಸಿದ. ಕಬ್ಬಿಣದ ಪಟ್ಟಿಯನ್ನು ಮರಳಿ ಇಸಕೊಳ್ಳಲು ಕೈ ಚಾಚಿದ.

"ಇದು ನನ್ನ ಹತ್ರ ಇರ್ಲಿ," ಅಂದರು ಮೇಷ್ಟ್ರು. "ಅವಳೂ ಒಂದು ಸಲ ಬಿಚ್ಚಿ ನೋಡ್ಲಿ."

ಗೇಟು ದಾಟಿ, ರಸ್ತೆ ದಾಟಿ, ಊರುಗಳಿಗೆ ಓಡುವ ಮಟಾಟು ವ್ಯಾನುಗಳು ನಿಲ್ಲುವ ಜಾಗದಲ್ಲಿ ಹೋಗಿ ನಿಂತರು. ಹ್ಯಾಟನ್ನು ಕಾರಿನ ಸೀಟಿನಲ್ಲೇ ಮರೆತಿದ್ದರು. ಕ್ಯಾಲೊ ಅದನ್ನು ಕೈಗೆತ್ತಿಕೊಂಡು ಗೇಟಿನ ತನಕ ಬಂದು ನಿಂತ. ಲಿಮೂರು ಲಿಮೂರು ಎಂದು ಕೂಗುತ್ತ ಒಂದು ಗಾಡಿ ಬಂತು, ನಿಂತಿತು, ಹೋಯಿತು. ಇನ್ನೊಂದು ಬಂತು. ಮುದುಕರು ಹತ್ತಲಿಲ್ಲ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯನ್ನು ಎದೆಯ ಹತ್ತಿರ ಹಿಡಿದು, ನಟ್ಟನ್ನು ಬಿಚ್ಚುತ್ತಿದ್ದರು. ಬಿಚ್ಚಿ, ಮತ್ತೆ ಹಾಕುತ್ತಿದ್ದರು.