ಸೋಮವಾರದ ಹರಿಗೋಲು

ಕಂಪ್ಲಿ ಕೋಟೆಯ ಕೆಳಗೆ ಹೊಳೆ ದಾಟಿಸುತ್ತಿದ್ದ ಮೂಕಣ್ಣ ಇಪ್ಪತ್ತೆರಡು ವರ್ಷ ಹುಟ್ಟು ಹಾಕಿದ್ದ. ಈ ದಂಡೆ ಮದರಾಸು ಸರ್ಕಾರದ್ದು, ಆ ದಂಡೆ ನಿಜಾಮರದು, ನಡುವಿನ ನೀರು ನಂದು ಅಂತ ಹೇಳಿಕೊಳ್ಳುತ್ತಿದ್ದ. ಆದರೆ ತನ್ನ ಹರಿಗೋಲಿನಲ್ಲಿ ಒಂದು ದಿನವೂ ಕುಂತವನಲ್ಲ. ಕೂರುವ ಜಾಗ ದಾಟುವವರದು, ಅವರ ಗಂಟುಮೂಟೆಗಳದು, ಆಡುಗಳದು. ವಾರಕ್ಕೊಂದು ರಜೆ, ಸೋಮವಾರ. ಆ ದಿನ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಮನೆಗೆ ಹೋಗಿ, ಹೆಂಡತಿ ದುರುಗವ್ವ ಹೇಳಿದ ಕೆಲಸ ಮಾಡುತ್ತಿದ್ದ.

ಅವನ ತಲೆ ಕೆಡಿಸಿದವನು ಕಮಲಾಕರ. ಸಂಡೂರಿನ ಮ್ಯಾಂಗನೀಸ್ ಕಂಪನಿಯ ಗುಮಾಸ್ತ. ಅದಿರಿನ ಲೆಕ್ಕ ಒಪ್ಪಿಸಲು ಮರ್ಮಗೋವಾ ಬಂದರಿಗೆ ಹೋಗಿಬಂದಿದ್ದವನು, ಹೊಳೆ ದಾಟುವಾಗ ಸುದ್ದಿ ಹೇಳಿದ.

"ದೊಡ್ಡ ಹಡಗು ಬಂದು ನಿಂತಿತ್ತಪ್ಪ. ಮಂದಿ ಎಲ್ಲಾ ಊರು ನೋಡಾಕ ಇಳದು ಹೋದ್ರು. ನಾಕು ಮಂದಿ ದೊರೆಗಳು ಇಳೀಲೇ ಇಲ್ಲ. ಹಗ್ಗ ಕಟ್ಟಿದ ಹಡಗಿನಾಗ ಕುರ್ಚಿ ಹಾಕ್ಕಂಡು, ಕಾಲು ಚಾಚಿ, ತಿನ್ಕೋತ ನೀರು ನೋಡ್ಕೋತ ಸಂಜಿತನಕ ಕುಂತಿದ್ರು."

"ಏನು ಕೆಲಸ ಮಾಡಿದ್ರು?" ಮೂಕಣ್ಣ ಕೇಳಿದ.

"ಏನೂ ಇಲ್ಲ. ಕುಂತ್ರು."

ಈ ಮಾತು ಮೂಕಣ್ಣನ ತಲೆಯಿಂದ ಇಳಿಯಲೇ ಇಲ್ಲ. ತನಗೂ ಹಡಗಿದೆ, ಹಗ್ಗವಿದೆ, ಸೋಮವಾರವಿದೆ. ಕುರ್ಚಿ ಒಂದಿಲ್ಲ, ಅಷ್ಟೆ.

ಅಷ್ಟರಲ್ಲಿ ಆ ವರ್ಷದ ಹೊಳೆ ದಾಟಿಸುವ ಗುತ್ತಿಗೆ ಎಮ್ಮಿಗನೂರಿನ ಹಾಲಸ್ವಾಮಿಯ ಪಾಲಾಯಿತು. ಭತ್ತ, ಕಬ್ಬು, ಕೊಟ್ಟಿಗೆ ತುಂಬ ಎತ್ತು ಇದ್ದ ಕುಳ. ಬಂದ ದಿನವೇ ಹೇಳಿದ.

"ಇನ್ಮ್ಯಾಲೆ ಸೋಮವಾರ ರಜಾ ಇಲ್ಲಲೇ. ಬರೋ ಸೋಮವಾರ ನಾನೇ ಬರ್ತೀನಿ, ನನ್ನ ಆ ದಂಡಿಗೆ ಬಿಡಬೇಕು. ಒಲ್ಲೆ ಅಂದ್ರ ಇಲ್ಲಿಗೆ ಬ್ಯಾರೆ ಹರಿಗೋಲು ತರಸ್ತೀನಿ."

ಒಂದು ಸೋಮವಾರ ಹುಟ್ಟು ಮುಟ್ಟಿದರೆ ಮುಂದಿನ ಎಲ್ಲ ಸೋಮವಾರಗಳೂ ಹೋದಂತೆ. ಮುಟ್ಟದಿದ್ದರೆ ಹೊಳೆಯೇ ಹೋಯಿತು. ಮೂಕಣ್ಣ ನಾಲ್ಕು ದಿನ ಗುಣಾಕಾರ ಹಾಕಿದ. ದುರುಗವ್ವನಿಗೆ ಕೇಳಿ ಕೇಳಿ ಬೇಸರ ಬಂತು.

"ಹುಟ್ಟು ಮನಿಯಾಗ ಇಟ್ಟು ಹೋಗು. ಒಂದಿನ ದೊರೆ ಹಂಗ ಕುಂತು ನೋಡು. ಆ ಸಾವ್ಕಾರ ಬಂದಾಗ ನೋಡಿದ್ರಾತು," ಎಂದಳು.

ಸೋಮವಾರ ಮೂಕಣ್ಣ ಹರಿಗೋಲನ್ನು ನೀರಿಗಿಳಿಸಿ, ದಂಡೆಯ ಹೊಂಗೆಮರದ ಬೇರಿಗೆ ಹಗ್ಗ ಬಿಗಿದು, ಒಳಗೆ ಹುಲ್ಲು ಹಾಸಿ ಮೇಲೆ ಕಂಬಳಿ ಹಾಕಿ ಮಲಗಿದ. ಮೊದಲ ತಾಸು ಕೈ ಸುಮ್ಮನಿರಲಿಲ್ಲ, ಇಲ್ಲದ ಹುಟ್ಟನ್ನು ತಡಕುತ್ತಿತ್ತು. ಆಮೇಲೆ ಇವತ್ತು ರಜೆಯೆಂದು ಅದಕ್ಕೂ ಗೊತ್ತಾಯಿತು. ತಡೆಯುವವರಿಲ್ಲದ ಹರಿಗೋಲು ತನ್ನಷ್ಟಕ್ಕೆ ತಾನು ಮೆಲ್ಲಗೆ ತಿರುಗುತ್ತಿತ್ತು. ಕೋಟೆಗೋಡೆ ಬಂತು, ಹೋಯಿತು. ನಿಜಾಮರ ದಂಡೆ ಬಂತು, ಹೋಯಿತು. ಹೊಂಗೆಮರ ಬಂತು. ಹಗ್ಗ ಜಗ್ಗಿದಾಗ ಅದೇ ದಾರಿಯಲ್ಲಿ ಹಿಂದಕ್ಕೆ ತಿರುಗಿತು. ಇಪ್ಪತ್ತೆರಡು ವರ್ಷ ಈ ತಿರುಗುವ ಚಟವನ್ನು ಬಡಿದು ಬಡಿದು ನೆಟ್ಟಗೆ ಮಾಡಿದವನಿಗೆ, ಅದು ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಹೊತ್ತು ಏರಿದಾಗ ದುರುಗವ್ವ ಬುತ್ತಿ ತಂದಳು. ಜೋಳದ ರೊಟ್ಟಿ, ಮೀನಿನ ಸಾರು, ಉಳ್ಳಾಗಡ್ಡಿ. ಅವಳೂ ಹತ್ತಿ ಕುಂತು ಕಾಲು ಚಾಚಿದಳು.

"ಇದೇನು ಗುರುತು?" ಮೂಕಣ್ಣ ಅಂಚಿನತ್ತ ಬೆರಳು ತೋರಿಸಿದ. ಹರಿಗೋಲಿನ ಹೊರಮೈಗೆ ಹೊದಿಸಿದ ತೊಗಲನ್ನು ಒಳಕ್ಕೆ ಮಡಿಚಿ ಹೊಲಿದ ಕಡೆ ದುಂಡಗಿನ ಸುಟ್ಟ ಕಲೆಯಿತ್ತು, ನಡುವೆ ಒಂದು ಅಡ್ಡಗೆರೆ. ದುಡಿಯುವ ದಿನ ಯಾರು ಇದನ್ನೆಲ್ಲ ನೋಡುತ್ತಾರೆ.

"ಬರೆ. ಎತ್ತಿನ ತೊಡಿ ಮ್ಯಾಲೆ ಹಾಕ್ತಾರಲ್ಲ," ದುರುಗವ್ವ ಬಾಗಿ ನೋಡಿದಳು. "ಹೋದ ಬ್ಯಾಸಗಿಯಾಗ ಎಮ್ಮಿಗನೂರಿಂದ ತೊಗಲು ತಂದಿದ್ದಿ. ಅಲ್ಲಿ ಈ ಬರೆ ಯಾರ ಎತ್ತಿಗೈತಿ, ಹೇಳು?"

ಮೂಕಣ್ಣನಿಗೆ ಗೊತ್ತಿತ್ತು. ಆ ಬೇಸಿಗೆ ದನಗಳಿಗೆ ಬಂದ ದೊಡ್ಡರೋಗಕ್ಕೆ ಹಾಲಸ್ವಾಮಿಯ ಒಂದು ಜೋಡಿ ಎತ್ತು ಹೋಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು. ದುರುಗವ್ವ ನಕ್ಕ ರಭಸಕ್ಕೆ ಹರಿಗೋಲು ಅರ್ಧ ಸುತ್ತು ತಿರುಗಿತು.

ಊಟದ ನಡುವೆ ಹಾಲಸ್ವಾಮಿ ಬಂದ. ಮೊಳಕಾಲತನಕ ಧೂಳು, ಕೈಯಲ್ಲಿ ಚಪ್ಪಲಿ, ಹೆಗಲಿಗೆ ಬುತ್ತಿಗಂಟು.

"ನಡದು ಬಂದ್ರೇನ್ರಿ ಸಾವ್ಕಾರ್ರ? ಗಾಡಿ?" ಮೂಕಣ್ಣ ಕೇಳಿದ.

"ಸೋಮವಾರ ಐತಲ್ಲೋ. ಬಸವಣ್ಣನ ದಿನ. ನಮ್ಮ ಮನಿಯಾಗ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ, ನಮ್ಮಪ್ಪ ಸತ್ತ ದಿನಾನೂ ಇಟ್ಟಿಲ್ಲ. ಹುಟ್ಟು ಎಲ್ಲೈತಿ? ಏಳು, ಬಿಡು."

"ಹಂಗಾದ್ರ ಹೆಂಗ ಬಿಡೋದ್ರಿ? ಇಲ್ಲಿ ನೋಡ್ರಿ," ಎಂದು ಮೂಕಣ್ಣ ಅಂಚಿನಿಂದ ಸರಿದು ಕುಂತ.

ಹಾಲಸ್ವಾಮಿ ಬಾಗಿ ನೋಡಿದ. ಬೆರಳಿನಿಂದ ಕಲೆ ಸವರಿದ.

"ಸತ್ತ ಎತ್ತಿಗೆ ಎಲ್ಲಿ ಸೋಮವಾರಲೇ?" ಅಂದ ಕಡೆಗೆ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಸತ್ತೈತಿ ಖರೆ," ದುರುಗವ್ವ ಎಂದಳು, "ದುಡಿಯೋದು ಬಿಟ್ಟೈತೇನ್ರಿ? ವಾರದಾಗ ಆರು ದಿನ ಮಂದಿನ್ನ ಹೊರತೈತಿ. ನೊಗ ಒಂದಿಲ್ಲ. ನೀವ ದೊಡ್ಡವರು, ಹೂಡು ಅನ್ರಿ. ಹುಟ್ಟು ಈಗಿಂದೀಗ ತರ್ತೀನಿ. ಎಮ್ಮಿಗನೂರಿನ ಮಂದಿ ಕೇಳಿದ್ರ ಸಾವ್ಕಾರ್ರು ಅಪ್ಪಣಿ ಕೊಟ್ರು ಅಂತೀನಿ."

ಹಾಲಸ್ವಾಮಿ ಅವಳನ್ನು ನೋಡಿದ, ಹೊಳೆ ನೋಡಿದ, ಬಂದ ದಾರಿ ನೋಡಿದ. ಊರಿನ ಕಟ್ಟೆಯ ಮೇಲೆ ಈ ಮಾತು ಹೇಗೆ ಕೇಳಿಸುತ್ತದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಇದು ಕೆಂದ," ಎಂದ. "ಬಲಗಡೆ ಹೂಡ್ತಿದ್ವಿ. ಭಾಳ ಕಳ್ಳ. ಏರು ಬಂದ್ರ ಸಾಕು, ಮಲಗಿಬಿಡ್ತಿತ್ತು. ಎಬ್ಬಸಾಕ ಹೋದ್ರ ಒದೀತಿತ್ತು." ಅವನ ಕೈ ತಾನಾಗಿಯೇ ಮೊಳಕಾಲಿಗೆ ಹೋಯಿತು. "ಈಗ ನೋಡು, ಸತ್ತ ಮ್ಯಾಲೂ ಸೋಮವಾರ ನನ್ನನ್ನ ಸುಮ್ನ ನಡಸಿ ಸುಸ್ತು ಮಾಡೈತಿ."

"ಹತ್ರಿ ಮತ್ತ. ನೆರಳು ಐತಿ," ಮೂಕಣ್ಣ ಎಂದ.

ಹಾಲಸ್ವಾಮಿ ಹತ್ತಿದ. ಒಂದು ಕಡೆ ಅವನ ಬುತ್ತಿ ಬಿಚ್ಚಿತು, ಇನ್ನೊಂದು ಕಡೆ ಇವರದು. ಅವನು ಇವರ ಸಾರಿನ ವಾಸನೆಗೆ ಮೂಗು ತಿರುಗಿಸಿದ. ಹರಿಗೋಲು ತಿರುಗಿ ಮೂಗನ್ನು ಮತ್ತೆ ಅಲ್ಲಿಗೇ ತಂದಿತು. ಜಾತಿ ಅಷ್ಟು ಸುಲಭವಾಗಿ ನೀರಿಗೆ ಬೀಳುವಂಥದ್ದಲ್ಲ. ಆದರೆ ನೆರಳು ಒಂದೇ ಇತ್ತು, ಮೂವರೂ ಅದಕ್ಕೇ ಒತ್ತಿಕೊಂಡು ಉಂಡರು. ಉಂಡ ಮೇಲೆ ಹಾಲಸ್ವಾಮಿ ಕಂಬಳಿಯ ಮುಕ್ಕಾಲು ಪಾಲು ಹಿಡಿದು ಮಲಗಿದ. ಕೋಟೆಗೋಡೆ ಬಂತು, ಹೋಯಿತು. ಗೊರಕೆ ಬಂತು.

"ದೊರೆಗಳೂ ಹಿಂಗ ಗೊರಕಿ ಹೊಡೀತಾರೇನು?" ದುರುಗವ್ವ ಪಿಸುಗುಟ್ಟಿದಳು.

"ಕಮಲಾಕರಪ್ಪ ಅದನ್ನ ಹೇಳಲಿಲ್ಲ," ಎಂದ ಮೂಕಣ್ಣ. ಅವನಿಗೆ ನಿದ್ದೆ ಹತ್ತಲಿಲ್ಲ. ರೊಟ್ಟಿಯೇನೋ ಸಿಕ್ಕಿತ್ತು, ಸೋಮವಾರ ಸಿಕ್ಕಿತೋ ಇಲ್ಲವೋ ಗೊತ್ತಾಗಿರಲಿಲ್ಲ.

ಹೊತ್ತು ಇಳಿಯುವಾಗ ನಿಜಾಮರ ದಂಡೆಯಲ್ಲಿ ಇಬ್ಬರು ಬಂದು ನಿಂತು, ಟವೆಲ್ ಬೀಸಿ ಕೂಗತೊಡಗಿದರು. ಮೂಕಣ್ಣ ಅಭ್ಯಾಸದ ಮೇಲೆ ಎದ್ದು ನಿಂತ. ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯದೆ ಹಾಲಸ್ವಾಮಿಯ ಕಡೆ ನೋಡಿದ. ಕೂಗಿಗೆ ಅವನೂ ಎಚ್ಚರಾಗಿದ್ದ. ಮೊಳಕೈ ಊರಿ ಅರ್ಧ ಎದ್ದು, ಆ ದಂಡೆಯವರನ್ನು ದಿಟ್ಟಿಸಿದ.

"ಯಾರಲೇ ಅವರು, ನಿದ್ದಿ ಕೆಡಸವರು? ಇವತ್ತು ಸೋಮವಾರ," ಎಂದು ಹೊಳೆಯ ಆಚೆಗೆ ಮುಟ್ಟುವಂತೆ ಕೂಗಿದ. "ಇಲ್ಲಿ ಸೋಮವಾರ ಬಿಡಾಂಗಿಲ್ಲ. ನಾಳಿಗೆ ಬರ್ರಿ."

ಆಮೇಲೆ ಮೂಕಣ್ಣನ ಕಡೆ ತಿರುಗಿದ.

"ನಿಂತೇನ್ ಮಾಡ್ತಿ? ಕುಂದ್ರು. ಅಳ್ಳಾಡತೈತಿ."

ಮೂಕಣ್ಣ ಕುಂತ.