ಪಾಳು ಎಂದು ಬರೆಯಬೇಡಿ

ಬಂಡೆಯ ಕೆಳಗೆ ಮೂರು ದಿನ ಹುಡುಕಿದ ಮೇಲೆ ಹಳೆಯ ಸ್ಮಾರಕಗಳ ಸರ್ವೆ ಅಧಿಕಾರಿ ಒಸಾಂದೋನ್ ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತ.

"ಏನೂ ಸಿಗ್ಲಿಲ್ಲ ನಿಕಾಸಿಯಮ್ಮ. ಹೆಜ್ಜೆ ಗುರುತಿಲ್ಲ, ಬೂದಿ ಇಲ್ಲ, ಒಂದು ಸಿಗರೇಟಿನ ತುಂಡೂ ಇಲ್ಲ. ಪಾಳುಬಿದ್ದ ಜಾಗ, ಈಗ ಬಳಕೆಯಲ್ಲಿಲ್ಲ ಅಂತ್ಲೇ ಬರೀಬೇಕಾಗುತ್ತೆ."

ಹಾಗೆ ಬರೆದರೆ ಏನಾಗುತ್ತದೆಂದು ನಿಕಾಸಿಯಾ ಆಯಾವಿರೆಗೆ ಗೊತ್ತಿತ್ತು. ಲೋವಾ ನದಿಯ ಆ ಕಣಿವೆಗೆ ಬೇಲಿ ಬರುತ್ತದೆ, ಬೇಲಿಗೆ ಬೀಗ ಬೀಳುತ್ತದೆ, ಬೀಗದ ಕೈ ರಾಜಧಾನಿಯ ಯಾವುದೋ ಕಚೇರಿಯ ಮೇಜಿನ ಖಾನೆ ಸೇರುತ್ತದೆ. ಆಮೇಲೆ ಫೆಬ್ರವರಿಯ ಹಬ್ಬದಲ್ಲಿ ಲಾಮಾ ಮಂದೆಯ ಕಿವಿಗೆ ಉಣ್ಣೆಯ ಹೂ ಕಟ್ಟಲು ಇಲ್ಲಿಗೆ ಬರಬೇಕೆಂದರೂ ಅರ್ಜಿ ಹಾಕಿ ಕಾಯಬೇಕು. ಊರಿನವರು ಅವಳನ್ನು ಪ್ರತಿನಿಧಿಯಾಗಿ ಆರಿಸಿದ್ದು ಗಟ್ಟಿಗಿತ್ತಿ ಎಂದಲ್ಲ. ಕಲಾಮಾ ಪಟ್ಟಣದಲ್ಲಿ ಎರಡು ವರ್ಷ ಸಂಜೆ ಶಾಲೆಗೆ ಹೋಗಿ ಓದು ಬರಹ ಕಲಿತಿದ್ದಾಳೆಂದು. ತನಗಿಂತ ಚೆನ್ನಾಗಿ ಮಾತಾಡುವವರು ಊರಲ್ಲಿ ಹತ್ತು ಜನರಾದರೂ ಇದ್ದಾರೆ ಎಂದು ಅವಳಿಗೆ ಈಗಲೂ ಅನ್ನಿಸುತ್ತಿತ್ತು.

ತಲೆಯ ಮೇಲೆ ಬಂಡೆಯ ತುಂಬಾ ಲಾಮಾಗಳು. ಎಷ್ಟೋ ಕಾಲದ ಹಿಂದಿನವರು ಒಂದರ ಮೈಮೇಲೆ ಇನ್ನೊಂದನ್ನು ಕೊರೆದು ಕೆಂಪು ಬಳಿದಿದ್ದರು. ಹೊಟ್ಟೆಯೊಳಗೆ ಮರಿ ಇರುವ ತಾಯಿ ಲಾಮಾಗಳೂ ಇದ್ದವು. ಕೆಳಗೆ ಇಳಿಜಾರಿನಲ್ಲಿ ಕಲ್ಲಿನ ದೊಡ್ಡಿಗಳು, ಸೂರಿಲ್ಲದ ಮನೆಗಳು.

"ಫೆಬ್ರವರಿಯಲ್ಲಿ ಅರವತ್ತು ಜನ ಬಂದಿದ್ವಿ ಸಾಹೇಬ್ರೇ," ಎಂದಳು.

"ಅರವತ್ತು ಜನ ಬಂದ್ರೆ ಗುರುತು ಕಾಣ್ಬೇಕಲ್ಲ?"

"ಗುಡಿಸಿದ್ವಿ."

"ಏನು?"

"ಗುಡಿಸಿಬಿಟ್ಟು ಹೋದ್ವಿ."

ಅದು ಗತಿಸಿದ ಹಿರಿಯರ ಮನೆ, ಅಲ್ಲಿ ಗಲೀಜು ಬಿಟ್ಟು ಹೋಗುವಂತಿಲ್ಲ. ಹೂ ಕಟ್ಟಿ ಮುಗಿದ ಮೇಲೆ ಎಲ್ಲರಿಗಿಂತ ಕೊನೆಗೆ ಹೊರಡುವ ಹೆಂಗಸು ತೋಲಾ ಗಿಡದ ಬರಲು ಹಿಡಿದು, ಹಿಂದು ಹಿಂದಕ್ಕೆ ನಡೆಯುತ್ತ ಎಲ್ಲರ ಹೆಜ್ಜೆಯನ್ನೂ ಅಳಿಸಿಕೊಂಡು ಹೋಗಬೇಕು. ಈ ವರ್ಷ ಆ ಸರದಿ ನಿಕಾಸಿಯಾಳದು. ಸರಿಯಾಗಿ ಗುಡಿಸಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಮಾರನೆಯ ದಿನ ಒಬ್ಬಳೇ ಮತ್ತೆ ಬಂದು, ಬೂದಿ ಗೋರಿ, ಹಿಕ್ಕೆಯನ್ನೆಲ್ಲ ಆರಿಸಿ ಮೂಟೆ ಕಟ್ಟಿ ಹೊತ್ತೊಯ್ದಿದ್ದಳು.

ಕತ್ತೆಯ ಪಕ್ಕ ಕುಳಿತಿದ್ದ ಸತುರ್ನಿನಾ ಚಿಕ್ಕಮ್ಮ ನಕ್ಕಳು. "ಗುಡಿಸೋದ್ರಲ್ಲಿ ಇವಳನ್ನ ಮೀರಿಸೋರಿಲ್ಲ ಕಣಯ್ಯಾ. ಇನ್ನೊಂದು ದಿನ ಬಿಟ್ಟಿದ್ರೆ ಬಂಡೆ ಮೇಲಿನ ಚಿತ್ರಾನೂ ಉಜ್ಜಿಬಿಡ್ತಿದ್ಲು!"

ಒಸಾಂದೋನ್ ನಗಲಿಲ್ಲ. ಪಕ್ಕದಲ್ಲಿದ್ದ ಚಪ್ಪಟೆ ಕಲ್ಲನ್ನು ಬೂಟಿನ ತುದಿಯಿಂದ ತಟ್ಟಿದ. "ಇದರ ಕೆಳಗೆ ಟೊಳ್ಳಿದೆ. ಏನಿಟ್ಟಿದೀರಿ?"

ಚಿಕ್ಕಮ್ಮನ ನಗು ನಿಂತಿತು. ಪ್ರತಿ ವರ್ಷ ಎಳೆಯ ಲಾಮಾಗಳ ಕಿವಿಯಿಂದ ಕತ್ತರಿಸಿದ ಚೂರುಗಳು ಕೋಕಾ ಎಲೆಯ ಜೊತೆ ಅಲ್ಲಿದ್ದವು. ಆ ಕಲ್ಲನ್ನು ಹೂ ಕಟ್ಟುವ ದಿನ, ಹಿರಿಯರಿಗೆ ಕುಡಿಯಲು ಕೊಟ್ಟ ಮೇಲೆ, ಮಂದೆಯವರು ಮಾತ್ರ ಎತ್ತುತ್ತಾರೆ. ನಿಕಾಸಿಯಾ ಅಷ್ಟನ್ನು ಹೇಳಿದಳು.

"ಮುಗೀತಲ್ಲ! ಕಲ್ಲೆತ್ತಿ, ಒಂದೇ ಫೋಟೋ. ಈ ವರ್ಷದ್ದು ಕಂಡ್ರೆ ಸಾಕು, ಬಳಕೆಯಲ್ಲಿದೆ ಅಂತ ಈಗ್ಲೇ ಬರೀತೀನಿ. ನಾನೇನು ನಿಮ್ಮ ವೈರೀನಾ ಅಮ್ಮಾ?"

ಅವನು ನಿಜವನ್ನೇ ಹೇಳುತ್ತಿದ್ದ. ಕಷ್ಟವಾಗಿದ್ದೂ ಅದರಿಂದಲೇ. ನಿಕಾಸಿಯಾ ಮಂಡಿಯೂರಿ ಕಲ್ಲಿನ ಮೇಲೆ ಕೈಯಿಟ್ಟಳು. ಬಿಸಿಲಿಗೆ ಕಾದಿತ್ತು. ಒಂದು ನಿಮಿಷದ ಕೆಲಸ. ಎತ್ತದಿದ್ದರೆ, ಒಂದು ಕಲ್ಲಿಗೋಸ್ಕರ ಕಣಿವೆಯನ್ನೇ ಕಳೆದೆಯಾ ಎಂದು ಊರು ಕೇಳುತ್ತದೆ. ಎತ್ತಿದರೆ, ಬರುವ ಫೆಬ್ರವರಿಯಲ್ಲಿ ಇಲ್ಲಿ ನಿಂತು ಯಾವ ಬಾಯಲ್ಲಿ ಹಿರಿಯರನ್ನು ಕರೆಯುವುದು? ಅವಳು ಚಿಕ್ಕಮ್ಮನ ಕಡೆ ನೋಡಿದಳು.

"ನನ್ನ ಕೇಳ್ಬೇಡ. ಕಾಗದದಲ್ಲಿರೋ ಹೆಸರು ನಿಂದು."

ನಿಕಾಸಿಯಾ ಕೈ ತೆಗೆದಳು. "ಆಗಲ್ಲ ಸಾಹೇಬ್ರೇ." ಕೈಗಂಟಿದ ಧೂಳನ್ನು ಲಂಗಕ್ಕೆ ಒರೆಸಿಕೊಂಡಳು. "ಮನೇಲಿ ಜನ ಇದಾರೆ ಅಂತ ನಂಬಿಸೋಕೆ, ಮಲಗಿರೋ ಅಜ್ಜಿ ಹೊದಿಕೆ ಎತ್ತಿ ತೋರಿಸ್ತೀರಾ ನೀವು?"

"ಹಾಗಾದ್ರೆ ಪಾಳು. ಸೋಮವಾರ ಬೇಲಿಯವರನ್ನ ಕರ್ಕೊಂಡು ಬರ್ತೀನಿ. ಸಹಿ ಹಾಕಿ."

"ಹಾಕಲ್ಲ."

"ಹಾಕದಿದ್ರೂ ಕೆಲ್ಸ ನಡೆಯುತ್ತೆ. ಪ್ರತಿನಿಧಿ ಸ್ಥಳದಲ್ಲಿ ಇರಲಿಲ್ಲ ಅಂತ ಬರ್ಕೋತೀನಿ."

"ಇರಲಿಲ್ವಾ?" ನಿಕಾಸಿಯಾ ಎದ್ದು ನಿಂತಳು. "ಇರ್ತೀನಿ, ನೋಡ್ತಿರಿ."

ಅಂದು ಮಧ್ಯಾಹ್ನವೇ ಊರಿಗೆ ಹೋಗಿ ಹಾಸಿಗೆ, ಪಾತ್ರೆ, ಒಂದು ಚೀಲ ಆಲೂಗಡ್ಡೆಯನ್ನು ಕತ್ತೆಯ ಮೇಲೆ ಹೇರಿಕೊಂಡು, ನಲವತ್ತಮೂರು ಲಾಮಾಗಳನ್ನು ಹೊಡೆದುಕೊಂಡು ಬಂದಳು. ಕಲ್ಲಿನ ದೊಡ್ಡಿಗಳ ನಡುವೆ ಅವಳ ಅಜ್ಜಿ ಮಂದೆ ಕಾಯುತ್ತಿದ್ದ ಕಾಲದ ಒಂಟಿ ಕೋಣೆಯಿತ್ತು. ಅದಕ್ಕೆ ಕಳ್ಳಿಮರದ ತೊಲೆ ಇಟ್ಟು ಹುಲ್ಲು ಹೊದಿಸಿದರು. ಚಿಕ್ಕಮ್ಮ ನೆಲಕ್ಕೆ ಕೋಕಾ ಎಲೆ ಹಾಕಿ, ಮೆಕ್ಕೆಜೋಳದ ಮದ್ಯ ಸುರಿದಳು. ನಿಕಾಸಿಯಾ ಬಂಡೆಗೆ ಮುಖ ಮಾಡಿ ನಿಂತಳು.

"ಹಿರಿಯರೇ, ಈ ಸಲ ಗುಡಿಸಲ್ಲ. ಬೇಕೂಂತ್ಲೇ ಗುಡಿಸಲ್ಲ. ಕೋಪ ಮಾಡ್ಕೋಬೇಡಿ."

ಹಿಂದೆ ಒಂದು ಲಾಮಾ ಕೆಮ್ಮಿತು. ನಿಕಾಸಿಯಾಳ ಮುಖ ಬಿಳಿಚಿತು.

"ಅದು ಧೂಳಿಗೆ ಕೆಮ್ಮಿದ್ದು ಕಣೇ. ಎಲ್ಲಕ್ಕೂ ಹೆದರಿದ್ರೆ ಹೆಂಗೆ?"

ಸೋಮವಾರ ಬೆಳಿಗ್ಗೆ ಒಸಾಂದೋನ್ ನಾಲ್ವರು ಕೂಲಿಯಾಳುಗಳ ಹೆಗಲ ಮೇಲೆ ಕಬ್ಬಿಣದ ಕಂಬ ಹೊರಿಸಿಕೊಂಡು ಕಣಿವೆಗೆ ಇಳಿದ. ದಾರಿಗೆ ಅಡ್ಡಲಾಗಿ ಮಂದೆ ನಿಂತಿತ್ತು. ಹುಲ್ಲಿನ ಸೂರಿನಿಂದ ಹೊಗೆ ಏಳುತ್ತಿತ್ತು, ಗೋಡೆಯ ಮೇಲೆ ಲಂಗ ಒಣಗುತ್ತಿತ್ತು. ಬಾಗಿಲಲ್ಲಿ ಆಲೂಗಡ್ಡೆಯ ಸಿಪ್ಪೆ, ಬಂಡೆಯ ಬುಡದವರೆಗೂ ಹಿಕ್ಕೆ.

"ಹಳೇ ಗೋಡೆ ಮುಟ್ಟೋದು ಅಪರಾಧ, ಗೊತ್ತಾ?"

"ಈ ಗೋಡೆ ಕಟ್ಟಿದ್ದು ನನ್ನಜ್ಜಿ. ದಂಡ ಇದ್ರೆ ಅವಳ ಹೆಸ್ರಿಗೆ ಬರೀರಿ. ವಿಳಾಸ ಇದೇ."

"ಎಂಥ ಗಲೀಜು ಮಾಡಿಟ್ಟಿದೀರಮ್ಮಾ!"

"ಅದನ್ನೇ ಬರ್ಕೊಳ್ಳಿ. ಗಲೀಜು ಇದೆ ಅಂತ. ಪಾಳು ಜಾಗದಲ್ಲಿ ಯಾರು ಗಲೀಜು ಮಾಡ್ತಾರೆ?"

ಕೂಲಿಯಾಳುಗಳಲ್ಲೊಬ್ಬ ಕಿಸಕ್ಕನೆ ನಕ್ಕು ಕಂಬ ಕೆಳಗಿಟ್ಟ. ಒಸಾಂದೋನ್ ಸೂರನ್ನು ನೋಡಿದ, ಮಂದೆಯನ್ನು ನೋಡಿದ, ಕೊನೆಗೆ ಕಾಗದ ತೆಗೆದು ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದು ಪೆನ್ನು ಚಾಚಿದ.

"ಓದಿ," ಎಂದಳು ನಿಕಾಸಿಯಾ. "ಜೋರಾಗಿ."

"ಈ ಜಾಗ ವರ್ಷಕ್ಕೊಮ್ಮೆ ಊರವರ ಬಳಕೆಯಲ್ಲಿದೆ."

"ಚಿಕ್ಕಮ್ಮಂಗೆ ಕೇಳಿಸ್ಲಿಲ್ಲ."

"ಇಲ್ಲಪ್ಪಾ, ಕೇಳಿಸ್ಲೇ ಇಲ್ಲ," ಎಂದಳು ಆಚೆ ದಡದಲ್ಲಿ ಮರಿ ಸೀನಿದರೂ ತಿರುಗುವ ಚಿಕ್ಕಮ್ಮ.

ಅವನು ಮತ್ತೆ ಓದಿದ.

"ವರ್ಷಕ್ಕೊಮ್ಮೆ ಅನ್ನೋದು ತೆಗೀರಿ. ನಾಳೆ ಅದೇ ಮಾತು ಹಿಡ್ಕೊಂಡು ಉಳಿದ ದಿನಕ್ಕೆಲ್ಲ ಬೀಗ ತರ್ತೀರಿ."

ಅವನು ಆ ಪದವನ್ನೂ ಹೊಡೆದ. ನಿಕಾಸಿಯಾ ಸಹಿ ಹಾಕಿದಳು. ಅಕ್ಷರ ಸೊಟ್ಟಗೆ ಬಂತು, ಆದರೆ ಅವಳದೇ ಎಂದು ಯಾರು ಬೇಕಾದರೂ ಗುರುತಿಸಬಹುದಿತ್ತು.

"ನಿಮ್ಮ ಪ್ರತಿ ಅಂಚೆಯಲ್ಲಿ ಕಳಿಸ್ತೀನಿ."

"ಬೇಡ. ಇಲ್ಲೇ ಕೂತು ಇನ್ನೊಂದು ಬರೀರಿ. ನೀರು ಕಾಯ್ತಿದೆ, ಟೀ ಕೊಡ್ತೀನಿ."

ಒಸಾಂದೋನ್ ಹಿಕ್ಕೆ ಇಲ್ಲದ ಕಲ್ಲೊಂದನ್ನು ಹುಡುಕಿ, ಸಿಗದೆ, ಇದ್ದಲ್ಲೇ ಕುಳಿತು ಬರೆಯತೊಡಗಿದ. ಕೂಲಿಯಾಳುಗಳು ಅವನ ಅಪ್ಪಣೆಗೆ ಕಾಯದೆ ಕಂಬಗಳನ್ನು ಮತ್ತೆ ಹೆಗಲಿಗೇರಿಸಿಕೊಂಡು ಲಾಮಾಗಳ ನಡುವೆ ದಾರಿ ಮಾಡಿಕೊಳ್ಳುತ್ತ ಏರು ಹತ್ತಿದರು.